ಗಲಾಟೆ ಸಮೇತ ನಾಲ್ಕು ಸ್ಟೂಲು

ನಮ್ಮ ಮೇಡಂ ಪ್ರಕಾರ ಊರಿನಲ್ಲಿ ಹೋಟೆಲಿನಷ್ಟು ನಿಶ್ಶಬ್ದವಾದ ಜಾಗ ಇನ್ನೊಂದಿಲ್ಲ. ಲೈಬ್ರರಿಯಲ್ಲಾದರೂ ಹಾಳೆ ಮಗುಚುವ ಸದ್ದಿರುತ್ತದೆ, ಆಸ್ಪತ್ರೆಯಲ್ಲಾದರೂ ಯಾರೋ ಕೆಮ್ಮುತ್ತಾರೆ. ಹೋಟೆಲಿನಲ್ಲಿ ಅದೂ ಇಲ್ಲ ಎಂದು ಅವರು ನಿಜವಾಗಿಯೂ ನಂಬಿದ್ದರು. ನಂಬದೆ ಏನು ಮಾಡಿಯಾರು? ಆಹಾರ ಶುಚಿತ್ವ ತಪಾಸಣೆಯ ಇಲಾಖೆಗೆ ಅವರು ಸೇರಿದಾಗ ನಾನಿನ್ನೂ ನೆಲಕ್ಕೆ ಬಿದ್ದದ್ದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವನು. ಅಂದಿನಿಂದ ಅವರು ಯಾವ ಹೋಟೆಲಿನ ಬಾಗಿಲಲ್ಲಿ ಕಾಲಿಟ್ಟರೂ ಒಳಗೆ ಮೊದಲು ರೇಡಿಯೋ ಸಾಯುತ್ತಿತ್ತು, ಆಮೇಲೆ ಮಿಕ್ಸಿ, ಆಮೇಲೆ ಮನುಷ್ಯರು.

ನಾನು ಅದೇ ಇಲಾಖೆಯ ಕಿರಿಯ ಇನ್‌ಸ್ಪೆಕ್ಟರ್. ಬೇರೆಯವರ ಅಡುಗೆಮನೆಯಲ್ಲಿ ಮೂಗು ತೂರಿಸಿ ಸಂಬಳ ತೆಗೆದುಕೊಳ್ಳುವವನು. ಜನ ಬಾಯಿ ಚಪ್ಪರಿಸಿ ನಳಪಾಕ ಅನ್ನುತ್ತಾರೆ. ನಮಗೆ ಪಾಕಕ್ಕಿಂತ ನಳ ಮುಖ್ಯ, ಅದರಲ್ಲಿ ಬಿಸಿನೀರು ಬರುತ್ತದೋ ಇಲ್ಲವೋ ಅನ್ನುವುದು ಇನ್ನೂ ಮುಖ್ಯ. ಕೈ ತೊಳೆದುಕೊಂಡು ಬೆನ್ನು ಹತ್ತುವವರು ಎಂದು ಹೋಟೆಲಿನವರು ನಮ್ಮನ್ನು ಬೈಯುತ್ತಾರೆ. ಸುಳ್ಳಲ್ಲ. ಸೋಪು ಹಾಕಿ, ಮೊಣಕೈವರೆಗೆ ತೊಳೆದುಕೊಂಡೇ ಹತ್ತುತ್ತೇವೆ.

ಈ ಕೆಲಸದಲ್ಲಿ ನನಗೆ ದಕ್ಕಿದ ಒಂದೇ ಲಾಭವೆಂದರೆ ದನಿಗಳು. ಮೂಗಿನಲ್ಲಿ ಜೇನು ಸುರಿಸುತ್ತಾ “ಬನ್ನಿ ಮೇಡಂ, ಬನ್ನಿ ಬನ್ನಿ, ಈಗ ತಾನೇ ನಿಮ್ಮನ್ನೇ ನೆನೆಸ್ಕೊಂಡ್ವಿ” ಅನ್ನುವ ಬೇಕರಿ ಯಜಮಾನ. “ಸಾರ್, ಅದು ಇಲಿ ಅಲ್ಲ ಸಾರ್, ನೋಡೋಕೆ ಇಲಿ ಥರಾ ಇದೆ ಅಷ್ಟೇ” ಎಂದು ಗಂಟಲೊಳಗೇ ಪ್ರಾಣ ಬಿಡುವ ಕ್ಯಾಂಟೀನ್ ಮ್ಯಾನೇಜರ್. ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ನಾನು ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ನನ್ನ ಗಂಟಲಲ್ಲೇ ಕಚೇರಿಗೆ ಕರೆಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮೇಡಂ ಮಾತ್ರ ನಗುತ್ತಿರಲಿಲ್ಲ. “ಸರಿಯಾಗೇ ಮಾಡ್ತೀಯಪ್ಪ. ಆದ್ರೆ ಇದ್ರಲ್ಲಿ ನಗೋಕೇನಿದೆ? ಅವರು ಮಾತಾಡೋದೇ ಹಾಗಲ್ವಾ?” ಅನ್ನುತ್ತಿದ್ದರು. ಜನ ಬೇರೆ ದನಿಯಲ್ಲೂ ಮಾತಾಡುತ್ತಾರೆ ಎಂಬ ಸುದ್ದಿ ಅವರವರೆಗೆ ತಲುಪಿಯೇ ಇರಲಿಲ್ಲ.

ಮೇಡಂ ನಿವೃತ್ತಿಯಾಗುವ ತಿಂಗಳು ಬಂತು. ನಮ್ಮಲ್ಲಿ ಬೀಳ್ಕೊಡುಗೆ ಎಂದರೆ ಲ್ಯಾಬಿನ ಮೇಜು ಒರೆಸಿ, ಮೇಲೊಂದು ಕೇಕಿಟ್ಟು, ಅಭ್ಯಾಸಬಲದಿಂದ ಒಂದು ತುಂಡನ್ನು ಸ್ಯಾಂಪಲ್ ಡಬ್ಬಿಗೆ ಹಾಕಿ, ಉಳಿದದ್ದನ್ನು ತಿನ್ನುವುದು. ಚಾಕಲೇಟೋ ವೆನಿಲ್ಲಾವೋ ಎಂದು ಕೇಳಿಕೊಂಡು ಬರಲು ಲ್ಯಾಬ್ ಅಕ್ಕನನ್ನು ಮೇಡಂ ಕೋಣೆಗೆ ಕಳಿಸಿದೆವು. ಲ್ಯಾಬ್ ಅಕ್ಕ ಎಂದರೆ ಊರಿನ ಸಾಸುಗಳಲ್ಲಿ ಯಾವ್ಯಾವ ಜೀವಿಗಳು ಸಂಸಾರ ಹೂಡಿವೆ ಎಂದು ನೋಡುವವಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಅನುಮಾನದಲ್ಲಿ ಎಲ್ಲರಿಗಿಂತ ದೊಡ್ಡವಳು. ಅವಳು ಹೊರಗೆ ಬಂದಾಗ ಮುಖ ಬಿಳಿಚಿತ್ತು.

“ಕೇಕ್ ಬೇಡವಂತೆ ಕಣೋ. ಹೊರಗೆ ಊಟಕ್ಕೆ ಹೋಗ್ಬೇಕಂತೆ.”

“ಹೊರಗೆ ಅಂದ್ರೆ? ಕಾರಿಡಾರಲ್ಲಾ?”

“ಹೋಟ್ಲಿಗೆ! ಅದೂ ಗಲಾಟೆ ಇರೋ ಹೋಟ್ಲಿಗೆ!”

ಹಿಂದೆಯೇ ಮೇಡಂ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಕೇಳಲು ಸಂಕೋಚಪಟ್ಟುಕೊಂಡಿದ್ದರು. ಎಲ್ಲರ ನಿಂಬೆಹಣ್ಣು ಹಿಂಡುವ ಯಂತ್ರದ ಒಳಗೂ ಬೆರಳಾಡಿಸಿ ನೋಡಿದ ಹೆಂಗಸು ಸಂಕೋಚಪಡುವುದನ್ನು ನಾನು ಅಂದೇ ಕಂಡದ್ದು.

“ನನ್ನ ತಮ್ಮನ ಮಗಳು ಹೇಳ್ತಾಳೆ ಕಣಪ್ಪ. ಕೂಗಿ ಆರ್ಡರ್ ಕೊಡ್ತಾರಂತೆ, ಹಾಡು ಹಾಕಿರ್ತಾರಂತೆ, ಪಕ್ಕದವರ ಮೊಣಕೈ ನಮ್ಮ ಪಕ್ಕೆಗೆ ತಿವೀತಿರುತ್ತಂತೆ. ಸುಳ್ಳು ಅಂದೆ. ‘ಅತ್ತೆ, ನೀವು ಹೋದ್ರೆ ಹಾಗಿರಲ್ಲ, ನೀವಿಲ್ದಾಗ ಹಾಗಿರುತ್ತೆ’ ಅಂದ್ಲು.” ಚೌಕಟ್ಟಿನ ಧೂಳನ್ನು ಬೆರಳಿಂದ ಒರೆಸಿ, “ಒಂದು ಸಲ ಅಂಥ ಕಡೆ ಕೂತು ಊಟ ಮಾಡ್ಬೇಕು. ನನ್ನ ನೋಡಿ ಯಾರೂ ಏನೂ ನಿಲ್ಲಿಸ್ಬಾರ್ದು. ಅಷ್ಟೇ. ಆಗದಿದ್ರೆ ಕೇಕೇ ಆಗ್ಲಿ,” ಎಂದು ಹೋಗಿಬಿಟ್ಟರು.

ಆ ‘ಕೇಕೇ ಆಗ್ಲಿ’ ಅನ್ನುವುದು ನಮ್ಮನ್ನು ಕೊಂದಿತು. ಮೇಡಂ ತಮ್ಮನ ಸಂಸಾರದ ಜೊತೆ ಇದ್ದವರು. ಅವರು ಸಂಜೆ ಮನೆಗೆ ಬರುವ ಸದ್ದಾದರೆ ತಮ್ಮನ ಹೆಂಡತಿ ಪಾತ್ರೆಗಳಿಗೆಲ್ಲ ಮುಚ್ಚಳ ಹಾಕಿ, ನಿನ್ನೆ ಉಳಿದದ್ದನ್ನು ಬೀರುವಿನೊಳಗೆ, ಸೀರೆಗಳ ಹಿಂದೆ ಅಡಗಿಸುತ್ತಿದ್ದಳಂತೆ. ನೆಂಟರ ಮನೆ ಸಮಾರಂಭಗಳಿಗೆ ಮೇಡಂಗೆ ತಪ್ಪದೆ ಕರೆ ಬರುತ್ತಿತ್ತು, ಊಟ ಮುಗಿದ ಮೇಲಿನ ಸಮಯ ಹೇಳಿ.

ಸರಿ, ಹೋಟೆಲು ಹುಡುಕಲು ಕೂತೆವು. ನಾನು, ಲ್ಯಾಬ್ ಅಕ್ಕ, ಜೀಪಿನ ಡ್ರೈವರಣ್ಣ. ಊರಿನ ಹೋಟೆಲುಗಳನ್ನು ನಮ್ಮಷ್ಟು ಬಲ್ಲವರಿಲ್ಲ, ಕಷ್ಟವಿದ್ದದ್ದೂ ಅಲ್ಲೇ.

“ಸ್ಟೇಷನ್ ಎದುರಿನದು?” ಅಂದೆ.

“ಅಲ್ಲಿ ಫ್ರಿಜ್ಜಲ್ಲಿ ಮೀನಿನ ಪಕ್ಕ ಯಜಮಾನರ ಚಪ್ಪಲಿ ಇತ್ತು,” ಅಂದಳು ಲ್ಯಾಬ್ ಅಕ್ಕ.

“ಯಾಕೆ?”

“ಬೇಸಿಗೆ. ಕಾಲಿಗೆ ತಂಪಾಗಿರ್ಲಿ ಅಂತ.”

“ಬ್ಯಾಂಕ್ ಪಕ್ಕದ್ದು?”

“ಅಲ್ಲಿನ ಮಯೋನೀಸ್‌ನ ನಾನು ಇನ್ನೂ ಸಾಕ್ತಾ ಇದೀನಿ. ಲ್ಯಾಬಲ್ಲಿದೆ, ನೋಡ್ತೀಯಾ? ಈ ವಾರ ಹಸಿರಾಗಿದೆ.”

“ಆ ಎರಡಂತಸ್ತಿನದು? ಅದು ಸ್ವಚ್ಛ ಅಲ್ವಾ?”

“ಸ್ವಚ್ಛ. ಅದಕ್ಕೇ ಅಲ್ಲಿಗೆ ಯಾರೂ ಹೋಗಲ್ಲ. ಗಲಾಟೆ ಎಲ್ಲಿಂದ ತರ್ತೀಯ?”

ಡ್ರೈವರಣ್ಣ ಹಲ್ಲುಕಡ್ಡಿ ಆಡಿಸುತ್ತಾ ಇದನ್ನೆಲ್ಲ ಕೇಳುತ್ತಿದ್ದ. ನಮ್ಮ ಇಲಾಖೆಯಲ್ಲಿ ಹೊಟ್ಟೆ ನೆಟ್ಟಗಿದ್ದವನು ಅವನೊಬ್ಬನೇ. ನಾವು ಒಳಗೆ ತಪಾಸಣೆ ಮಾಡುವಾಗ ಅವನು ಹಿಂಬಾಗಿಲಲ್ಲಿ ಅದೇ ಹೋಟೆಲಿನದನ್ನು ತಿನ್ನುತ್ತಿರುತ್ತಿದ್ದ. “ನಿಮ್ಮಿಬ್ಬರ ಮಾತು ಕೇಳ್ತಾ ಇದ್ರೆ ಗಾಳಿ ಕುಡಿಯೋಕೂ ಭಯ ಆಗುತ್ತೆ,” ಅಂದ. “ಮಾರ್ಕೆಟ್ ಹಿಂದೆ ಹೊಸದೊಂದು ಬಂದಿದೆಯಲ್ರೀ. ಏಷ್ಯನ್ ಸ್ಟ್ರೀಟ್ ಫುಡ್ ಅಂತ ಬೋರ್ಡು. ಸಣ್ಣ ಸಣ್ಣ ಸ್ಟೂಲು, ಕೆಂಪು ಲ್ಯಾಂಟರ್ನು, ನಿಮ್ಮ ಮೂಗಿನ ಮುಂದೇನೇ ಬಾಣಲೆಯಿಂದ ಬೆಂಕಿ ಎದ್ದೇಳುತ್ತೆ. ಗಲಾಟೆ ಅಂದ್ರೆ ಏನು ಗಲಾಟೆ! ಮೊನ್ನೆ ನನ್ನ ಹೆಂಡ್ತಿ ಅಲ್ಲಿ ನನ್ನ ಬೈದ್ಲು, ನಂಗೆ ಒಂದಕ್ಷರ ಕೇಳಿಸ್ಲಿಲ್ಲ. ಅಷ್ಟು ಚೆನ್ನಾಗಿದೆ.”

ಜಾಗ ಹೊಸದು, ನಡೆಸುವವರು ಬೇರೆ ಊರಿನಿಂದ ಬಂದವರು. ಮೇಡಂ ಮುಖ ನೋಡಿದವರಲ್ಲ. ಹುದ್ದೆಯನ್ನು ಕಚೇರಿಯಲ್ಲೇ ಬಿಟ್ಟು ಹೋಗಬಹುದು, ಮುಖವನ್ನು ಎಲ್ಲಿ ಬಿಡುವುದು ಎಂಬ ನಮ್ಮ ಚಿಂತೆಗೆ ಇದಕ್ಕಿಂತ ಒಳ್ಳೆಯ ಪರಿಹಾರವಿರಲಿಲ್ಲ. ಆದರೆ ಅದಕ್ಕಿನ್ನೂ ನಮ್ಮ ಮೊದಲ ತಪಾಸಣೆ ಆಗಿರಲಿಲ್ಲ. ತಪಾಸಣೆ ಮಾಡಿ ಊಟಕ್ಕೆ ಹೋದರೆ ಗುರುತು ಸಿಕ್ಕಿ ಮೌನ ಆವರಿಸುತ್ತದೆ. ಮಾಡದೆ ಹೋದರೆ ಆ ಅಡುಗೆಮನೆಯೊಳಗೆ ಏನಿದೆಯೋ ಯಾರಿಗೆ ಗೊತ್ತು. ಗೊತ್ತಿಲ್ಲದೆ ತಿನ್ನುವುದನ್ನು ಪ್ರಪಂಚವೆಲ್ಲ ದಿನಕ್ಕೆ ಮೂರು ಹೊತ್ತು ಮಾಡುತ್ತದೆ. ನಮಗೆ ಮಾತ್ರ ಅದು ಕಣ್ಣುಕಟ್ಟಿ ರಸ್ತೆ ದಾಟಿದಂತೆ.

“ಮೊದ್ಲು ನಾವಿಬ್ರು ಹೋಗಿ ನೋಡ್ಕೊಂಡು ಬರೋಣ,” ಅಂದಳು ಲ್ಯಾಬ್ ಅಕ್ಕ. “ತಪಾಸಣೆ ಅಲ್ಲ. ಸುಮ್ನೆ ಗಿರಾಕಿಗಳ ಥರ.”

“ಗಂಡ ಹೆಂಡ್ತಿ ಥರ ಹೋಗಿ,” ಎಂದು ಡ್ರೈವರಣ್ಣ ಸಲಹೆ ಕೊಟ್ಟ.

“ಇವನ ಹೆಂಡ್ತೀನಾ? ಅಕ್ಕ ಅಂತ ಹೋಗ್ತೀನಿ, ಅದೇ ಜಾಸ್ತಿ.”

ಹೋದೆವು. ಡ್ರೈವರಣ್ಣ ಹೇಳಿದ್ದು ಕಡಿಮೆಯೇ. ಬಾಗಿಲು ತಳ್ಳಿದ ಕೂಡಲೇ ಸದ್ದು ಬಂದು ಎದೆಗೆ ಗುದ್ದಿತು. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಜನ ಬಟಾಣಿಯಂತೆ ಉರುಳಾಡುತ್ತಿದ್ದರು. ಬಡಿಸುವವನು ಮೇಜಿನ ಪಕ್ಕದಿಂದಲೇ “ಎರಡು ನೂಡಲ್ಸ್, ಖಾರ ಜಾಸ್ತೀ!” ಎಂದು ಕೂಗಿದರೆ, ತೆರೆದ ಅಡುಗೆಮನೆಯಿಂದ ನಾಲ್ಕೈದು ಗಂಟಲು ಒಟ್ಟಿಗೆ “ಆಯ್ತೂ!” ಎಂದು ಅರಚುತ್ತಿದ್ದವು. ನಡುವೆ ದೊಡ್ಡ ಬಾಣಲೆಯ ಮುಂದೆ ಒಬ್ಬ ದಪ್ಪ ಹೆಂಗಸು. ಮಾಲೀಕನ ಅಕ್ಕ ಎಂದು ಆಮೇಲೆ ಗೊತ್ತಾಯಿತು. ಅವಳು ಬಾಣಲೆಯನ್ನು ಎತ್ತಿ ಒಗೆದರೆ ಅನ್ನ ಗಾಳಿಯಲ್ಲಿ ಹಾರಿ, ಒಂದು ಕ್ಷಣ ನಮ್ಮನ್ನೆಲ್ಲ ನೋಡಿ, ಮತ್ತೆ ಬೆಂಕಿಗೆ ಇಳಿಯುತ್ತಿತ್ತು. ಎಳ್ಳೆಣ್ಣೆಯ ಹೊಗೆ, ಕಡ್ಡಿಗೆ ಚುಚ್ಚಿ ಸುಟ್ಟ ಅಣಬೆಯ ವಾಸನೆ, ಯಾರದೋ ಮೊಣಕೈ, ಇನ್ಯಾರದೋ ನಗು.

“ಮೇಡಂಗೆ ಹೇಳಿ ಮಾಡಿಸಿದ ಹಾಗಿದೆ!” ಎಂದು ನಾನು ಲ್ಯಾಬ್ ಅಕ್ಕನ ಕಿವಿಯಲ್ಲಿ ಕೂಗಿದೆ.

“ಏನು?”

“ಮೇಡಂಗೆ!”

“ಇಲ್ಲ, ನಾನು ಮೇಜಿನ ಕೆಳಗೆ ನೋಡ್ಲಿಲ್ಲ!” ಅಂದಳು. ನಾನು ಕೇಳಿರಲೇ ಇಲ್ಲ. ನೋಡಿದ್ದಳು ಅಂತ ಅರ್ಥ.

ಬಿದಿರಿನ ಬುಟ್ಟಿಯಲ್ಲಿ ಕಡುಬಿನಂಥ ಡಂಪ್ಲಿಂಗ್ ಬಂತು. ಹೊಳೆಯುವ, ಹೊಟ್ಟೆ ಉಬ್ಬಿದ, ಆವಿಯಾಡುವ ಡಂಪ್ಲಿಂಗು. ನಾನು ಸಂತೋಷದಲ್ಲಿದ್ದೆ, ಇದನ್ನು ಒತ್ತಿ ಹೇಳಬೇಕು. ದುಃಖದಲ್ಲಿದ್ದಿದ್ದರೆ ಎಚ್ಚರವಾಗಿರುತ್ತಿದ್ದೆ. ಯಾವುದೋ ಹಾಡಿಗೆ ತಲೆಯಾಡಿಸುತ್ತಾ, ಪಕ್ಕದ ಮೇಜಿನವನ ಜೋಕಿಗೆ ನಗುತ್ತಾ, ಎಡಗೈಯಲ್ಲಿ ಡಂಪ್ಲಿಂಗನ್ನು ಹಿಡಿದು, ಬಲಗೈಯಿಂದ ಜೇಬಿನಲ್ಲಿದ್ದ ಉಕ್ಕಿನ ಥರ್ಮಾಮೀಟರನ್ನು ಎಳೆದು ಅದರ ಹೊಟ್ಟೆಗೆ ಚುಚ್ಚಿದೆ. ಬೇರೆಯವರು ಊದುತ್ತಾರಲ್ಲ, ಹಾಗೆ. ಲ್ಯಾಬ್ ಅಕ್ಕನೂ ಅಷ್ಟೇ ಸಹಜವಾಗಿ ಬಗ್ಗಿ “ಎಷ್ಟಿದೆ?” ಎಂದು ಕೇಳಿದಳು.

ಆ ಪ್ರಶ್ನೆ ಇಡೀ ಹೋಟೆಲಿಗೆ ಸ್ಪಷ್ಟವಾಗಿ ಕೇಳಿಸಿತು, ಯಾಕೆಂದರೆ ಅಷ್ಟು ಹೊತ್ತಿಗೆ ಬೇರಾವ ಸದ್ದೂ ಉಳಿದಿರಲಿಲ್ಲ. ಬಡಿಸುವವನು ನನ್ನ ಕೈ ನೋಡಿದ. ಅವನನ್ನು ನೋಡಿ ಅಡುಗೆಯವರು ನೋಡಿದರು. ಹಾಡು ನಿಂತಿತು. ಬಾಣಲೆ ಕೆಳಗಿಳಿಯಿತು. ಏನಾಯಿತೆಂದು ತಿಳಿಯದ ಗಿರಾಕಿಗಳು ಕೂಡ, ಯಾರೋ ಸತ್ತಿರಬಹುದೆಂಬ ಅಂದಾಜಿನಲ್ಲಿ, ಮಾತು ತಗ್ಗಿಸಿದರು.

ಮಾಲೀಕ ಬಂದ. ಸಣಕಲು ಆಸಾಮಿ, ಪ್ರತಿ ಮಾತನ್ನೂ ಗ್ಯಾಸ್ ಲೈಟರಿನಂತೆ ಎರಡೆರಡು ಸಲ ಒತ್ತುವವನು. “ಸಾರ್ ಸಾರ್, ಮುಂದಿನ ತಿಂಗಳು ಮುಂದಿನ ತಿಂಗಳು ಅಂದಿದ್ರಲ್ಲ ತಪಾಸಣೆ?”

“ಇದು ತಪಾಸಣೆ ಅಲ್ರೀ. ನಾವು ಊಟಕ್ಕೆ ಬಂದಿದ್ದು.”

ಅವನು ಡಂಪ್ಲಿಂಗಿನಲ್ಲಿ ನೆಟ್ಟಗೆ ನಿಂತಿದ್ದ ಉಕ್ಕಿನ ಕಡ್ಡಿಯನ್ನೇ ನೋಡಿದ. “ಗೊತ್ತು ಗೊತ್ತು ಸಾರ್,” ಅಂದ, ಏನೂ ಗೊತ್ತಾಗದೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮೇಡಂ ವಿಷಯ, ಅವರ ಆಸೆ, ಎಲ್ಲ ಬಿಡಿಸಿ ಹೇಳಿದೆ. ಅವರು ಬರುವ ಹೊತ್ತಿಗೆ ಅವರು ಅಧಿಕಾರಿಯೇ ಆಗಿರುವುದಿಲ್ಲ, ನಿವೃತ್ತಿಯ ಮರುದಿನವೇ ಬರುವುದು, ನಿಮ್ಮ ತಪಾಸಣೆಗೂ ಪಕ್ಕದ ವಲಯದವರನ್ನು ಹಾಕಿಸುತ್ತೇನೆ, ಬಿಲ್ಲು ಪೂರ್ತಿ ನಾವೇ ಕೊಡುತ್ತೇವೆ, ನೀವು ಮಾಡಬೇಕಾದ್ದು ಇಷ್ಟೇ, ಏನೂ ಮಾಡಬಾರದು, ಈಗ ನಡೆಯುತ್ತಿತ್ತಲ್ಲ ಅದೇ ನಡೆಯಬೇಕು ಅಂದೆ. ಅವನು ಕೈಕಟ್ಟಿ ಕೇಳಿದ. ಅಡುಗೆಯವರೂ ಕೈಕಟ್ಟಿ ಕೇಳಿದರು. ನಾಲ್ಕು ಸ್ಟೂಲು ಬೇಕಾಗಬಹುದು, ಖಚಿತವಾದ ಮೇಲೆ ಹೇಳುತ್ತೇವೆ ಎಂದು ಹೊರಟೆವು. ನಾವು ಬಾಗಿಲು ದಾಟಿದ ಮೇಲೂ ಒಳಗೆ ಹಾಡು ಶುರುವಾಗಲಿಲ್ಲ.

ಮರುದಿನದಿಂದ ಫೋನು.

“ಸಾರ್ ಸಾರ್, ಗಲಾಟೆ ಎಷ್ಟಿರ್ಬೇಕು? ಲಿಮಿಟ್ ಲಿಮಿಟ್ ಏನಾದ್ರೂ ಇದ್ಯಾ?”

“ಲಿಮಿಟ್ ಏನಿಲ್ರೀ. ಮಾಮೂಲಿ.”

“ಮಾಮೂಲಿ ಅಂದ್ರೆ ಎಷ್ಟು ಸಾರ್? ನಾವು ಅಳೆದಿಲ್ಲ ಅಳೆದಿಲ್ಲ.”

ಇನ್ನೊಂದು ದಿನ: “ಸಾರ್, ಬೆಂಕಿ ಏಳಿಸ್ಬೇಕಾ ಬೇಡ್ವಾ? ಕಾನೂನಲ್ಲಿ ಕಾನೂನಲ್ಲಿ ಏನಿದೆ?” ಇನ್ನೊಂದು ದಿನ: “‘ಆಯ್ತೂ’ ಅನ್ನೋವಾಗ ಎಂಜಲು ಹಾರುತ್ತೆ ಅಂತ ಅಕ್ಕ ಹೇಳ್ತಿದ್ದಾಳೆ. ಎಲ್ರಿಗೂ ಮಾಸ್ಕ್ ತರಿಸಿದೀನಿ. ಮಾಸ್ಕ್ ಒಳಗಿಂದ ಕೂಗ್ಲಾ ಕೂಗ್ಲಾ?” ನಾನು ಈ ದನಿಯನ್ನು ಕಚೇರಿಯಲ್ಲಿ ಒಂದೇ ಸಲ ಮಾಡಿ ತೋರಿಸಿದೆ. ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ. ಆ ಗಂಟಲಲ್ಲಿ ಒಂದು ಚಂದದ ಹೋಟೆಲು ಉಸಿರು ಕಟ್ಟುತ್ತಿತ್ತು, ಹಿಸುಕಿದವನು ನಾನೇ.

“ಬುಕ್ ಮಾಡ್ಬೇಡ,” ಅಂದಳು ಲ್ಯಾಬ್ ಅಕ್ಕ. “ಅಲ್ಲಿ ಹೋಗಿ ಅದೇ ಮೌನ ನೋಡಿದ್ರೆ ಮೇಡಂ ಪಾಲಿಗೆ ಅದೇ ಕೊನೆ ತೀರ್ಪು. ಗಲಾಟೆ ಅನ್ನೋದು ಪ್ರಪಂಚದಲ್ಲಿ ಎಲ್ಲೂ ಇಲ್ಲ, ತಮ್ಮನ ಮಗಳು ಸುಳ್ಳು ಹೇಳಿದ್ಲು ಅಂತ ತಿಳ್ಕೊಂಡು ಮನೆಗೆ ಹೋಗ್ತಾರೆ. ಕೇಕ್ ತಗೊಂಡು ಬಾ.”

“ಬುಕ್ ಮಾಡ್ರೀ,” ಅಂದ ಡ್ರೈವರಣ್ಣ. “ಊಟ ಚೆನ್ನಾಗಿದೆ.”

“ನಿಂಗೆ ಊಟದ್ದೇ ಚಿಂತೆ.”

“ಹೋಟ್ಲಿಗೆ ಹೋಗೋರು ಬೇರೆ ಯಾವ ಚಿಂತೆ ಮಾಡ್ಬೇಕಕ್ಕಾ?”

ಇಬ್ಬರ ಮಧ್ಯೆ ಸಿಕ್ಕಿ ನಾನು ದಿನ ದೂಡಿದೆ. ಬುಕ್ ಮಾಡಿ ಸುಮ್ಮನಿದ್ದರೆ ಮೇಡಂಗೆ ಮೋಸ. ಬುಕ್ ಮಾಡದಿದ್ದರೆ ಅವರ ಆಸೆಗೆ ಮೋಸ. ಕೊನೆಗೆ ಅವರ ಕೋಣೆಗೆ ಹೋದೆ. ಡ್ರಾಯರ್ ಖಾಲಿ ಮಾಡುತ್ತಿದ್ದರು. ಡಂಪ್ಲಿಂಗಿನಿಂದ ಹಿಡಿದು ಮಾಸ್ಕಿನವರೆಗೆ ಎಲ್ಲ ಒಪ್ಪಿಸಿದೆ. “ಈಗ ಹೋದ್ರೆ ಅವರು ನಿಮಗೋಸ್ಕರ ಗಲಾಟೆ ಮಾಡಿ ತೋರಿಸ್ತಾರೆ ಮೇಡಂ. ನಿಜವಾದ್ದಲ್ಲ, ನಾಟಕ. ಬೇಡ ಅಂದ್ರೆ ಈಗ್ಲೇ ಫೋನ್ ಮಾಡಿ ಬೇಡ ಅಂತೀನಿ. ತಪ್ಪು ನನ್ದೇ.”

ಮೇಡಂ ಒಂದು ಖಾಲಿ ಸ್ಯಾಂಪಲ್ ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಮುಚ್ಚಿದರು.

“ಎಷ್ಟಿತ್ತು?”

“ಏನು ಮೇಡಂ?”

“ಡಂಪ್ಲಿಂಗ್.”

“ಸರಿಯಾಗಿತ್ತು ಮೇಡಂ. ಚೆನ್ನಾಗಿ ಬೆಂದಿತ್ತು.”

“ಹಾಗಾದ್ರೆ ಬುಕ್ ಮಾಡು.” ಡಬ್ಬಿಯನ್ನು ಚೀಲಕ್ಕೆ ಹಾಕಿದರು. “ಇಷ್ಟು ವರ್ಷ ನನ್ನ ಮುಂದೆ ಮೌನದ ನಾಟಕ ಮಾಡಿದ್ರಲ್ಲ, ಒಂದು ದಿನ ಗಲಾಟೆ ನಾಟಕ ಮಾಡ್ಲಿ. ಬದಲಾವಣೆ.”

ನಾನು ಫೋನ್ ಮಾಡಿದೆ. “ನಾಲ್ಕು ಸ್ಟೂಲು. ಗಲಾಟೆ ಸಮೇತ.”

“ಆಯ್ತು ಆಯ್ತು ಸಾರ್,” ಅಂದ ಮಾಲೀಕ, ಮೆಲ್ಲಗೆ.

ನಿವೃತ್ತಿಯ ಮರುದಿನ ಸಂಜೆ ಡ್ರೈವರಣ್ಣನ ಸ್ವಂತ ಸ್ಕೂಟರಿನ ಹಿಂದೆ ಮೇಡಂ ಬಂದರು. ಹೂವಿನ ಚಿತ್ರದ ಸೀರೆ, ಕಿವಿಗೆ ತೂಗಾಡುವ ಓಲೆ. ಕೆಲಸದಲ್ಲಿದ್ದಾಗ ಅವರು ತೂಗಾಡುವಂಥದ್ದೇನನ್ನೂ ಹಾಕಿದವರಲ್ಲ, ಏನಾದರೂ ಪಾತ್ರೆಗೆ ಬಿದ್ದೀತೆಂದು.

ನಾವು ಒಳಗೆ ಕಾಲಿಟ್ಟೆವು. ಮಾಲೀಕ ಗಲ್ಲಾದಿಂದ ಬೆರಳೆತ್ತಿದ. ಕೂಡಲೇ ಗಲಾಟೆ ಶುರುವಾಯಿತು.

ಹಾಡು ಸಣ್ಣಗೆ, ಮರ್ಯಾದಸ್ಥರ ಹಾಗೆ ಬಂತು. ಬಡಿಸುವವನು ಎದೆ ಸೆಟೆಸಿ “ಎರಡು. ನೂಡಲ್ಸ್. ಖಾರ. ಜಾಸ್ತಿ,” ಎಂದು ಒಪ್ಪಿಸಿದ. ಅಡುಗೆಮನೆಯಲ್ಲಿ ಸಾಲಾಗಿ ನಿಂತಿದ್ದವರು, ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ, ಮಾಸ್ಕಿನ ಒಳಗಿಂದ “ಆ-ಯ್ತು” ಅಂದರು. ಮಾಲೀಕನ ಅಕ್ಕ ಬಾಣಲೆಯನ್ನು ಕೂಸಿನ ತೊಟ್ಟಿಲಿನಂತೆ ತೂಗಿದಳು. ಅನ್ನ ಹಾರಲಿಲ್ಲ, ಮಗ್ಗುಲು ಬದಲಿಸಿತು. ಮೇಜುಗಳ ಸುತ್ತ ಕೂತವರು ಯಾರೂ ಗಿರಾಕಿಗಳಲ್ಲ. ಮಾಲೀಕನ ಭಾವ, ಭಾವನ ತಮ್ಮಂದಿರು, ಒಬ್ಬ ಚಿಕ್ಕಪ್ಪ, ಅವರ ಹೆಂಡಿರು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಚಿಕ್ಕಪ್ಪನಿಗೆ ನಗು ಬಲವಾಗಿ ಹಿಡಿದುಬಿಟ್ಟಿತ್ತು. ಬೇರೆಯವರು ನಿಲ್ಲಿಸಿದ ಮೇಲೂ ಅವನು “ಹಹ್ಹಹ್ಹಾ” ಎಂದು ಒಬ್ಬನೇ ಸಾಗಿದ.

“ಚಿಕ್ಕಪ್ಪ, ಸಾಕು ಸಾಕು,” ಎಂದು ಮಾಲೀಕ ಹಲ್ಲು ಕಚ್ಚಿ ಪಿಸುಗುಟ್ಟಿದ.

ಮೇಡಂ ಸ್ಟೂಲಿನ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು, ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಸಿದ ಅತಿಥಿಯ ಹಾಗೆ ಎಲ್ಲ ಕಡೆಗೂ ತಲೆಯಾಡಿಸಿದರು. “ಚೆನ್ನಾಗಿದೆ. ತುಂಬ ಚೆನ್ನಾಗಿ ಮಾಡ್ತಿದ್ದಾರೆ,” ಅಂದರು. ಆದರೆ ಅವರು ಯಾವ ಕಡೆ ತಿರುಗಿದರೆ ಆ ಕಡೆಯ ಗಲಾಟೆ ಬಾಗಿ ನಮಸ್ಕಾರ ಮಾಡುತ್ತಿತ್ತು. ಅವರಿಗೂ ಅದು ಕಾಣುತ್ತಿತ್ತು. ಓಲೆ ಮುಟ್ಟಿ ನೋಡಿಕೊಂಡರು. ಲ್ಯಾಬ್ ಅಕ್ಕ ಮೇಜಿನ ಕೆಳಗಿಂದ ನನ್ನ ಕಾಲು ತುಳಿದಳು. ‘ಹೇಳಿರಲಿಲ್ವಾ’ ಅನ್ನುವ ತುಳಿತ.

ಆದರೆ ಬೀದಿಗೆ ಇದೆಲ್ಲ ಗೊತ್ತಿರಲಿಲ್ಲ. ಬೀದಿ ಕಂಡದ್ದು ಇಷ್ಟೇ: ತುಂಬಿದ ಮೇಜುಗಳು, ಒಳ್ಳೆ ಬಟ್ಟೆ ಹಾಕಿದ ಜನ, ಹೊಟ್ಟೆ ಹಿಡಿದು ನಗುವ ಒಬ್ಬ ಮುದುಕ. ಸಂಜೆಯ ಶಿಫ್ಟು ಮುಗಿಸಿ ಹೋಗುತ್ತಿದ್ದ ಗಾರ್ಮೆಂಟ್ಸ್ ಹೆಂಗಸರ ಗುಂಪೊಂದು ಗಾಜಿನಿಂದ ಇಣುಕಿ, ಇಷ್ಟು ಜನ ಇದ್ದಾರೆ ಅಂದರೆ ಏನೋ ವಿಶೇಷ ಎಂದು ನುಗ್ಗಿತು. ಅವರನ್ನು ನೋಡಿ ಬಸ್ಸಿಗೆ ಕಾಯುತ್ತಿದ್ದವರು ಬಂದರು. ಬಸ್ಸಿಗೆ ಕಾಯುತ್ತಿದ್ದವರೇ ಹೋದ ಮೇಲೆ ಇನ್ನೇನು ಎಂದು ಬೇರೆಯವರೂ ಬಂದರು. ಮಾಲೀಕ ಬಾಗಿಲಲ್ಲಿ ಕೈಯಡ್ಡ ಹಿಡಿದು “ಇವತ್ತು ಇವತ್ತು…” ಅನ್ನುವಷ್ಟರಲ್ಲಿ ಅವನ ಕಂಕುಳ ಕೆಳಗಿಂದಲೇ ಮೂವರು ದಾಟಿದ್ದರು.

“ಏನ್ರೀ, ಆರ್ಡರ್ ತಗೊಳ್ಳೋರು ಯಾರೂ ಇಲ್ವಾ?”

“ನಮಗೆ ನಾಲ್ಕು ಫ್ರೈಡ್ ರೈಸ್!”

“ನಾವು ಮೊದ್ಲು ಬಂದಿದ್ದು ಕಣ್ರೀ!”

ನಾಟಕದವರಿಗೂ ಹಸಿವಾಗಿತ್ತು. ಭಾವನ ತಮ್ಮ “ನಮಗೂ ಏನಾದ್ರೂ ಕೊಡ್ತೀರಾ, ಇಲ್ಲ ಬರೀ ನಗ್ಬೇಕಾ?” ಎಂದು ಕೂಗಿದ. ಅದು ಆ ಸಂಜೆಯ ಮೊದಲ ಅಸಲಿ ಕೂಗು. ಬಡಿಸುವವನು ಮಾಸ್ಕನ್ನು ಗಲ್ಲಕ್ಕೆಳೆದು ಅಡುಗೆಮನೆಗೆ ಆರ್ಡರುಗಳನ್ನು ಎಸೆಯತೊಡಗಿದ. “ಆಯ್ತೂ” ಎನ್ನುವುದು ಒಂದು ಗಂಟಲಿಂದ ಬಂತು, ಇನ್ನೊಂದರಿಂದ “ಯಾವ್ದು? ಯಾವ್ದು ಅಂದೆ?” ಬಂತು, ಮೂರನೆಯದರಿಂದ ಬೈಗುಳ ಬಂತು. ಬಾಣಲೆಯ ಅಡಿಯಿಂದ ಬೆಂಕಿ ಎದ್ದಿತು. ಯಾರೋ ಹಾಡನ್ನು ಏರಿಸಿದರು. ಕೇಳಿಸದೆ ಇನ್ನೂ ಏರಿಸಿದರು. ನನ್ನ ಪಕ್ಕೆಗೊಂದು ಮೊಣಕೈ ಬಿತ್ತು.

ನಮ್ಮ ಊಟ ಬರಲಿಲ್ಲ.

ಮೇಡಂ ತೋರುಬೆರಳು ಎತ್ತಿದರು. ಆ ಬೆರಳು ಎದ್ದಾಗ ಊರಿನ ದೊಡ್ಡ ದೊಡ್ಡ ಅಡುಗೆ ಭಟ್ಟರ ಕೈಯಿಂದ ಸೌಟು ಬಿದ್ದದ್ದನ್ನು ನಾನು ಕಂಡಿದ್ದೇನೆ. ಬಡಿಸುವವನು ಅದರ ಕೆಳಗೆ ಬಗ್ಗಿ ಆಚೆ ಹೋದ. ಮೇಡಂ ಬೆರಳನ್ನು ಒಮ್ಮೆ ನೋಡಿಕೊಂಡು ಮತ್ತೆ ಎತ್ತಿದರು. ಮಾಲೀಕ ನಮ್ಮತ್ತಲೇ ನೋಡುತ್ತಾ, ನಮ್ಮನ್ನು ಕಾಣದೆ, “ಆರನೇ ಮೇಜಿಗೆ ನೀರು ನೀರು!” ಎಂದು ಅರಚಿದ.

“ನಮ್ಮನ್ನ ಯಾರೂ ನೋಡ್ತಾನೇ ಇಲ್ವಲ್ಲಪ್ಪ!” ಅಂದರು ಮೇಡಂ. ಅಷ್ಟು ಗದ್ದಲದಲ್ಲೂ ಆ ದನಿಯಲ್ಲಿದ್ದ ಬೆರಗು ಕೇಳಿಸಿತು.

“ನಾನು ಹೋಗಿ ಕೇಳ್ತೀನಿ ಮೇಡಂ.”

“ಬೇಡ, ನಾನೇ ಕೇಳ್ತೀನಿ.”

ಅವರು ಸ್ಟೂಲುಗಳ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಯ ಅಂಚಿಗೆ ಹೋಗಿ, ತಮಗೇ ಅರಿವಿಲ್ಲದೆ ಒಂದು ಹೆಜ್ಜೆ ಅಂಚಿನೊಳಗೆ ಇಟ್ಟರು. ಇನ್ನೇನು ಬಾಣಲೆ ಕೆಳಗಿಳಿಯುತ್ತದೆ, ಹಾಡು ಸಾಯುತ್ತದೆ.

“ಯಾರ್ರೀ ಅದು ಒಳಗೆ ಬರ್ತಿರೋದು!” ಬಾಣಲೆಯ ಅಕ್ಕ ತಿರುಗಿಯೂ ನೋಡದೆ ಗುಡುಗಿದಳು. “ಹೊರಗೆ ನಡೀರಿ! ಕೂದಲು ಬೀಳುತ್ತೆ ಊಟದಲ್ಲಿ, ಅಷ್ಟೂ ತಿಳಿಯಲ್ವಾ?”

“ಅಲ್ಲಮ್ಮ, ನಮ್ಮ ನೂಡಲ್ಸ್…”

“ಎಲ್ರದ್ದೂ ನೂಡಲ್ಸೇ! ಸರದಿ ಬಂದಾಗ ಬರುತ್ತೆ. ಹೋಗಿ ಕೂತ್ಕೊಳ್ರೀ, ತಲೆ ತಿನ್ಬೇಡಿ!” ಎಂದು, ಪಕ್ಕದಲ್ಲಿ ಕೈಗೆ ಸಿಕ್ಕಿದ ಒಂದು ಬಟ್ಟಲನ್ನು ಮೇಡಂ ಕೈಗೆ ತುರುಕಿ, ಮೊಣಕೈಯಿಂದಲೇ ಅವರನ್ನು ಅಂಚಿನಾಚೆ ತಳ್ಳಿದಳು.

ಮೇಡಂ ತಿರುಗಿದರು. ಅಡುಗೆಮನೆಯಿಂದ ಹೊರದಬ್ಬಿಸಿಕೊಂಡು ಬಂದವರ ಮುಖ ಅಷ್ಟು ಬೆಳಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ, ಚೆಲ್ಲಿದರೂ ಪರವಾಗಿಲ್ಲದ ಹಾಗೆ, ಜನರ ನಡುವೆ ತೂರಿಕೊಂಡು ಬಂದರು. ಅಷ್ಟರಲ್ಲಿ ಅವರ ಸ್ಟೂಲಿನ ಮೇಲೆ ಗಾರ್ಮೆಂಟ್ಸಿನ ಒಬ್ಬ ಹೆಂಗಸು ಕೂತಾಗಿತ್ತು.

“ಇದು ನಮ್ಮ ಮೇಡಂ ಜಾಗ,” ಅಂದಳು ಲ್ಯಾಬ್ ಅಕ್ಕ.

“ಖಾಲಿ ಇತ್ತು, ಕೂತೆ,” ಅಂದಳು ಆಕೆ, ಅಲುಗಾಡದೆ. “ಯಾವ ಮೇಡಮ್ಮು?”

ನಾನು ದಡಬಡಿಸಿ ಎದ್ದೆ. ಮೇಡಂ ಕಣ್ಣಲ್ಲೇ ಗದರಿದರು. “ಕೂತ್ಕೋ! ಯಾಕೆ ಏಳ್ತೀಯ? ಕೂತ್ಕೋ ಅಂದೆ.” ಗೋಡೆಯ ಕಂಬಕ್ಕೆ ಒರಗಿ, ಬಟ್ಟಲನ್ನು ಗಲ್ಲದ ಹತ್ತಿರ ಹಿಡಿದು, ನೂಡಲ್ಸನ್ನು ಬಾಯಿಗೆಳೆದುಕೊಂಡರು.

“ಮೇಡಂ, ಅದು ಯಾರದೋ ಆರ್ಡರ್ರು! ತಣ್ಣಗಾಗಿದೆ ಬೇರೆ!” ಎಂದು ಲ್ಯಾಬ್ ಅಕ್ಕ ಬಾಯಿ ಬಡಿದುಕೊಂಡಳು.

“ಏನಂದೆ?” ಅಂದರು ಮೇಡಂ, ಕಿವಿಗೆ ಕೈಯಿಟ್ಟು. “ಕೇಳಿಸ್ತಿಲ್ಲಮ್ಮ!” ಕೇಳಿಸಿತ್ತೋ ಇಲ್ಲವೋ ಹೇಳುವುದು ಕಷ್ಟ. ತುಟಿಗೆ ಸೋಯಾ ಸಾಸ್ ಮೆತ್ತಿತ್ತು.

ಕೈಯಲ್ಲಿ ಬಟ್ಟಲುಗಳ ಗೋಪುರ ಹೊತ್ತು ಬಡಿಸುವವನು ಹಿಂದಿನಿಂದ ಬಂದ. “ಏನಮ್ಮಾ ದಾರೀಲಿ ನಿಂತ್ಕೊಂಡು! ಸರೀರಿ ಸ್ವಲ್ಪ, ಸರೀರಿ!”

ಮೇಡಂ ಸರಿದರು.